ಕಪ್ಪು ಗೆರೆ ಕಂಡರೆ ‘ಲ್ಯಾಬ್‌ನಲ್ಲಿ ಸಾಬೀತು’ ಆದಂತೆಯೇ?

“ಈ ಕಷಾಯ ಕ್ಯಾನ್ಸರ್ ಪ್ರೋಟೀನನ್ನು ಅಳಿಸುತ್ತದೆ, ಲ್ಯಾಬ್‌ನಲ್ಲಿ ಸಾಬೀತು!” ಎಂಬಂಥ ಸಂದೇಶ, ಜೊತೆಗೆ ಕಪ್ಪು ಗೆರೆಗಳ ಒಂದು ಚಿತ್ರ. ಇಂಥದ್ದು ನಿಮ್ಮ ವಾಟ್ಸಾಪ್‌ಗೂ ಬರಬಹುದು. ಆ ಗೆರೆಗಳು ಏನು? ಅವನ್ನು ಎಷ್ಟು ನಂಬಬಹುದು?

ಪ್ರೋಟೀನಿಗೆ ಗುರುತು ಏಕೆ?

ಒಂದು ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳಿರುತ್ತವೆ. ಒಂದನ್ನಷ್ಟೇ ಹುಡುಕಬೇಕಾದರೆ ಅದಕ್ಕೆ ಮಾತ್ರ ಅಂಟುವ ಪ್ರತಿಕಾಯ, ಅಂದರೆ ಆಂಟಿಬಾಡಿ ಬೇಕು. ಪ್ರತಿ ಪ್ರೋಟೀನಿಗೂ ಹೊಸದನ್ನು ತಯಾರಿಸಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ವಿಜ್ಞಾನಿಗಳು ಪ್ರೋಟೀನಿನ ಜೀನ್‌ಗೆ ಒಂದು ಸಣ್ಣ ತುಣುಕು ಸೇರಿಸುತ್ತಾರೆ. ಆಗ ಕೋಶ ತಯಾರಿಸುವ ಪ್ರೋಟೀನಿಗೆ ಒಂದು ‘ಟ್ಯಾಗ್’ ಅಂಟಿಕೊಂಡೇ ಬರುತ್ತದೆ. ಕುರಿಗಾಹಿ ತನ್ನ ಕುರಿಗೆ ಬಣ್ಣ ಹಚ್ಚಿದ ಹಾಗೆ!

‘ಫ್ಲ್ಯಾಗ್’ ಟ್ಯಾಗ್‌ನಲ್ಲಿ 8, ‘ಎಚ್‌ಎ’ಯಲ್ಲಿ 9, ‘ಮಿಕ್’ನಲ್ಲಿ 10 ಅಮೈನೋ ಆಮ್ಲಗಳಿವೆ. ಎಚ್‌ಎ ಬಂದದ್ದು ಫ್ಲೂ ವೈರಸ್‌ನ ಪ್ರೋಟೀನಿನಿಂದ. ಹಾಗಂತ ಹೆದರಬೇಕಿಲ್ಲ, ಇಷ್ಟು ಚಿಕ್ಕ ತುಣುಕಿನಿಂದ ಸೋಂಕು ಬರುವುದಿಲ್ಲ.

ಗುರುತು ಹಿಡಿಯುವುದು ಹೇಗೆ?

1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಅವರು ಆಂಟಿಬಾಡಿ ತಯಾರಿಸುವ ಇಲಿಯ ಕೋಶವನ್ನು ಕ್ಯಾನ್ಸರ್ ಕೋಶದೊಂದಿಗೆ ಬೆಸೆದರು. ಈ ಜೋಡಿಕೋಶ ಸಾಯದೆ ಬೆಳೆಯುತ್ತಾ ಒಂದೇ ಬಗೆಯ ಆಂಟಿಬಾಡಿ ಕೊಡುತ್ತಲೇ ಇರುತ್ತದೆ. ಅದೇ ಮೊನೊಕ್ಲೋನಲ್ ಆಂಟಿಬಾಡಿ. 1984ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

‘ವೆಸ್ಟರ್ನ್ ಬ್ಲಾಟ್’ ಪರೀಕ್ಷೆಯಲ್ಲಿ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳುವಾದ ಪೊರೆಗೆ ವರ್ಗಾಯಿಸುತ್ತಾರೆ. ಆಂಟಿಬಾಡಿ ಟ್ಯಾಗ್‌ಗೆ ಅಂಟಿದ ಜಾಗ ಗೆರೆಯಾಗಿ ಕಾಣುತ್ತದೆ.

ಗೆರೆ ಸುಳ್ಳು ಹೇಳಬಹುದೇ?

ತಪ್ಪು ದಾರಿಗೆ ಎಳೆಯಬಹುದು. ಮಿಕ್ ಟ್ಯಾಗ್ ಮನುಷ್ಯರದೇ ಒಂದು ಪ್ರೋಟೀನಿನ ತುಣುಕು. ಹಾಗಾಗಿ ಅದರ ಆಂಟಿಬಾಡಿ ಮನುಷ್ಯರ ಕೋಶದಲ್ಲಿ ಮೊದಲೇ ಇರುವ ಆ ಪ್ರೋಟೀನಿಗೂ ಅಂಟುತ್ತದೆ. ಇನ್ನು ಎಚ್‌ಎ ಟ್ಯಾಗ್, ಕೋಶ ಸಾಯುವಾಗ ಕತ್ತರಿಸಿ ಹೋಗಬಹುದು. ಆಗ ಗೆರೆ ಮಾಯವಾಗುತ್ತದೆ, ಪ್ರೋಟೀನ್ ಮಾತ್ರ ಅಲ್ಲೇ ಇರುತ್ತದೆ! ಕೋಶ ಕೊಲ್ಲುವ ಯಾವುದೋ ರಾಸಾಯನಿಕ ಹಾಕಿದರೂ “ಪ್ರೋಟೀನ್ ಅಳಿಯಿತು” ಎಂದು ಮೋಸಹೋಗುವುದು ಹೀಗೆ.

ಅದಕ್ಕೇ ಸರಿಯಾದ ಪ್ರಯೋಗದಲ್ಲಿ ಟ್ಯಾಗ್ ಇಲ್ಲದ ಕೋಶಗಳನ್ನೂ ಔಷಧ ಹಾಕದ ಕೋಶಗಳನ್ನೂ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಎಲ್ಲ ಮಾದರಿಗಳಲ್ಲೂ ಒಟ್ಟು ಪ್ರೋಟೀನ್ ಸಮನಾಗಿದೆಯೇ ಎಂದೂ ನೋಡುತ್ತಾರೆ.

ಫಾರ್ವರ್ಡ್ ಮಾಡುವ ಮುನ್ನ

ಎರಡು ಪ್ರಶ್ನೆ ಕೇಳಿ: ಹೋಲಿಕೆಗೆ ಏನಿಟ್ಟಿದ್ದರು? ಪ್ರಯೋಗ ನಡೆದದ್ದು ಗಾಜಿನ ತಟ್ಟೆಯ ಕೋಶಗಳಲ್ಲೋ, ರೋಗಿಗಳಲ್ಲೋ? ಉತ್ತರ ಸಿಗದಿದ್ದರೆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಅದನ್ನು ನಂಬಿ ಯಾರೋ ಚಿಕಿತ್ಸೆ ಬಿಟ್ಟುಬಿಡಬಹುದು.