ಹೈಫಾದ ಕುದುರೆಯ ಲಗಾಮು ಯಾರ ಕೈಯಲ್ಲಿತ್ತು?

ಸೆಪ್ಟೆಂಬರ್ 23 ಬಂತೆಂದರೆ ಹೈಫಾದ ಹೆಸರಿನಲ್ಲಿ ಭಾಷಣಗಳು ಶುರುವಾಗುತ್ತವೆ. 1918ರ ಆ ದಿನ ಮೈಸೂರು, ಜೋಧಪುರದ ರಾವುತರು ಭರ್ಜಿ ಹಿಡಿದು ತೋಪುಗಳ ಮೇಲೆ ಬಿದ್ದು ಪರದೇಶದ ಒಂದು ಪಟ್ಟಣಕ್ಕೆ ಬಿಡುಗಡೆ ತಂದರಂತೆ. ಭಾರತೀಯತೆಯೆಂದರೆ ಇದೇ ಅಂತೆ. ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

ಶೌರ್ಯದ ಬಗ್ಗೆ ನಮ್ಮ ತಕರಾರಿಲ್ಲ. ಒಂದು ಕಡೆ ಕಿಶೋನ್ ಹೊಳೆಯ ಹುದುಲು, ಇನ್ನೊಂದು ಕಡೆ ಕಾರ್ಮೆಲ್ ಗುಡ್ಡ, ಎದುರಿಗೆ ಮೆಷಿನ್ ಗನ್ನು. ಮೈಸೂರಿನವರು ಗುಡ್ಡ ಹತ್ತಿ ತೋಪುಗಳನ್ನು ಹಿಡಿದರು. ಜೋಧಪುರದವರು ಊರೊಳಗೆ ನುಗ್ಗಿದರು, ಅವರ ಮೇಜರ್ ದಳಪತ್ ಸಿಂಗ್ ಮಡಿದರು. ಸತ್ತವರು 8, ಗಾಯಗೊಂಡವರು 34, ಸತ್ತ ಕುದುರೆಗಳು 60, ಸೆರೆ ಸಿಕ್ಕ ವೈರಿಗಳು 1,350. ಇದನ್ನು ಅಲ್ಲಗಳೆಯುವವನು ಮೂರ್ಖ.

ಆದರೆ ಲಗಾಮು ಯಾರ ಕೈಯಲ್ಲಿತ್ತು? ಬ್ರಿಟನ್ ಮತ್ತು ಫ್ರಾನ್ಸ್ 1916ರಲ್ಲೇ ಗುಟ್ಟಾಗಿ ಕೂತು ಆ ನೆಲವನ್ನು ಹಂಚಿಕೊಂಡಿದ್ದವು. ತುರ್ಕಿಯ ಬಾವುಟ ಇಳಿದ ಮೇಲೆ ಹೈಫಾದಲ್ಲಿ ಏರಿದ್ದು ಬ್ರಿಟಿಷರ ಬಾವುಟ. ಅವರು ಜಾಗ ಬಿಟ್ಟದ್ದು 1948ರಲ್ಲಿ. ಅದೇ ವರ್ಷ ಅಲ್ಲಿನ ಅರಬರಲ್ಲಿ ಬಹುಪಾಲು ಜನ ಮನೆಮಠ ಕಳೆದುಕೊಂಡರು. ಇದು ಬಿಡುಗಡೆಯೆ? ತಾನೇ ಸಂಕೋಲೆಯಲ್ಲಿದ್ದವನು ಇನ್ನೊಬ್ಬನ ಸಂಕೋಲೆ ಕಡಿಯುವುದೆಂತು? ಒಡೆಯ ಬದಲಾದ, ಅಷ್ಟೆ.

ಈ ಶೌರ್ಯಕ್ಕೆ ಬ್ರಿಟಿಷರು ಕೊಟ್ಟ ಬಹುಮಾನವೇನು? ಏಳು ತಿಂಗಳು ತುಂಬುವ ಮೊದಲೇ, 1919ರ ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗಿನ ಗುಂಡು. ಯುದ್ಧಕ್ಕೆ ಮೈಸೂರು ಅರಮನೆ ಒಪ್ಪಿಸಿದ 50 ಲಕ್ಷ ರೂಪಾಯಿ ಎಲ್ಲಿಯದು? ಪ್ರಜೆಯ ಬೆವರಿನದು. ಹಣ ಪ್ರಜೆಯದು, ಪ್ರಾಣ ಪ್ರಜೆಯದು, ಬಿರುದು ಮಾತ್ರ ದೊರೆಗಳದು!

ನಮ್ಮ ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಆಗ ಮೈಸೂರಿನಲ್ಲಿರಲಿಲ್ಲ. ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರಲ್ಲಿ. ಆ ಯುದ್ಧದಲ್ಲಿ ಸೆರೆ ಸಿಕ್ಕ ತುರ್ಕಿ ಸೈನಿಕರನ್ನು ಇದೇ ಬಳ್ಳಾರಿಯ ಶಿಬಿರದಲ್ಲಿ ಇಟ್ಟಿದ್ದರು. ಅವರೂ ಯಾವುದೋ ಹಳ್ಳಿಯ ರೈತರ ಮಕ್ಕಳೇ. ಸುಲ್ತಾನನಿಗಾಗಿ ಅವರು, ಚಕ್ರವರ್ತಿಗಾಗಿ ನಮ್ಮವರು. ಬಡವನಿಗೆ ಎದುರಾದವನು ಬಡವನೇ.

ದೆಹಲಿಯ ತೀನ್ ಮೂರ್ತಿ ಸ್ಮಾರಕ ನಿಂತದ್ದು 1922ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ. ಹೈದರಾಬಾದ್, ಜೋಧಪುರ, ಮೈಸೂರು ದಳಗಳಿಗೆ ಒಂದೊಂದು ಮೂರ್ತಿ. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ಬಂದಾಗ ಆ ಚೌಕಕ್ಕೆ ಹೈಫಾದ ಹೆಸರು ಸೇರಿಸಿದರು. ಪರರಾಜ್ಯದೊಡನೆ ಸ್ನೇಹ ಬೇಕೆಂದರೆ ಮಾಡಿಕೊಳ್ಳಲಿ. ಅದಕ್ಕೆ ಸತ್ತ ಸಿಪಾಯಿಯನ್ನು ಸಾಕ್ಷಿಗೆ ಕರೆಯುವುದು ಬೇಡ.

ಉಜ್ಜಿನಿಯಲ್ಲಿ ಶಿಖರಕ್ಕೆ ಎಣ್ಣೆ ಎರೆಯುವ ದಿನ ಸಾವಿರಾರು ಕಣ್ಣು ಶಿಖರದ ಮೇಲೆ. ಶಿಖರ ಹೊತ್ತ ಬುಡದ ಕಲ್ಲನ್ನು ನೋಡುವವರಿಲ್ಲ. ರಾಷ್ಟ್ರದ ನೆನಪೂ ಹಾಗೆಯೇ ಆಗಿದೆ. 1938ರಲ್ಲಿ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಗುಂಡಿಗೆ ಎದೆಯೊಡ್ಡಿದವರು, 1943ರಲ್ಲಿ ಗಲ್ಲಿಗೇರಿದ ಈಸೂರಿನ ಐವರು, 1951ರಲ್ಲಿ ಉಳುವ ಹಕ್ಕಿಗಾಗಿ ಜೈಲು ತುಂಬಿದ ಕಾಗೋಡಿನ ಗೇಣಿದಾರರು: ಇವರು ಕುದುರೆ ಏರಲಿಲ್ಲ. ಆದರೆ ಇವರ ಲಗಾಮು ಇವರ ಕೈಯಲ್ಲೇ ಇತ್ತು.

ಗಿರಣಿಯ ಸಂಗಾತಿಗಳೇ, ಅಂಗಡಿಯ ಮಿತ್ರರೇ! ಹೈಫಾದಲ್ಲಿ ಬಿದ್ದ ಸಿಪಾಯಿಗೆ ಕೈ ಮುಗಿಯೋಣ. ಅವನನ್ನು ಅಲ್ಲಿಗೆ ಕಳಿಸಿದ ಸಾಮ್ರಾಜ್ಯಕ್ಕೆ ಮುಗಿಯುವುದು ಬೇಡ. ದೇಶವೆಂದರೆ ಏನೆಂದು ಮಕ್ಕಳು ಕೇಳಿದರೆ ಮೊದಲು ಈಸೂರಿನ ಹೆಸರು ಹೇಳೋಣ.