ಜೋಳಿಗೆಯೂ ಬೇಕು, ಔಷಧವೂ ಬೇಕು

ಸಂಕಟ ಒದಗಿದಾಗ ಮನುಷ್ಯನು ಆಸರೆಯನ್ನು ಅರಸುವುದು ಸಹಜ. ಆದರೆ ಆಸರೆಯೆಂದು ಹಿಡಿದದ್ದೇ ಕೊರಳಿಗೆ ಉರುಳಾದರೆ ಗತಿಯೇನು? ಕೊರೋನಾ ಮಹಾಮಾರಿಯ ಕಾಲದಲ್ಲಿ ಈ ಪ್ರಶ್ನೆ ಅನೇಕ ಸದ್ಗೃಹಸ್ಥರ ಮನೆಯಂಗಳಕ್ಕೇ ಬಂದು ನಿಂತಿತು.

೨೦೨೦ರ ಮಾರ್ಚ್ ೨೫ರಿಂದ ದೇಶವೆಲ್ಲ ಸ್ತಬ್ಧವಾದಾಗ ಮದ್ಯದಂಗಡಿಗಳೂ ಮುಚ್ಚಿದವು. ನಮ್ಮ ನಾಡಿನಲ್ಲಿ ಅವು ಪುನಃ ತೆರೆದದ್ದು ಮೇ ೪ರಂದು. ಅಂದು ಸುಮಾರು ೪೫ ಕೋಟಿ, ಮರುದಿನ ಸುಮಾರು ೧೯೭ ಕೋಟಿ ರೂಪಾಯಿಗಳ ಮದ್ಯ ಮಾರಾಟವಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಕೂಲಿ ನಿಂತು, ಸಂಬಳ ಕಡಿತವಾಗಿದ್ದ ದಿನಗಳವು!

ಉದ್ಯೋಗದ ಚಿಂತೆ, ಸಾವಿನ ಭಯ, ಆಪ್ತರ ಅಂತ್ಯಕ್ರಿಯೆಗೂ ಹೋಗಲಾಗದ ದುಃಖ: ಇವನ್ನು ಮರೆಯಲು ಹಲವರು ಕುಡಿತದ ಮೊರೆ ಹೊಕ್ಕರು. ಮದ್ಯವು ಚಿಂತೆಯನ್ನು ಮರೆಸುವುದು ಕೆಲವು ಗಳಿಗೆ ಮಾತ್ರ. ಆಮೇಲೆ ನಿದ್ರೆಯನ್ನು ಕೆಡಿಸಿ, ಆತಂಕವನ್ನು ಇಮ್ಮಡಿಸುತ್ತದೆ. ಆಗ ಅಂಟಿದ ಚಟವು ಮಹಾಮಾರಿಯೊಡನೆ ತಾನಾಗಿ ತೊಲಗುವಂಥದಲ್ಲ.

ಅಂಗಡಿಗಳು ಮುಚ್ಚಿದ್ದ ಆ ೪೦ ದಿನಗಳು ಇನ್ನೊಂದು ಪಾಠವನ್ನೂ ಕಲಿಸಿದವು. ಬಹುಕಾಲ ನಿತ್ಯವೂ ವಿಪರೀತ ಕುಡಿದವನು ತಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾನಾಶಗಳು ತಲೆದೋರುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಅನಂತರ ಬುದ್ಧಿಭ್ರಮೆಯಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಇದು ನಟನೆಯಲ್ಲ, ಗಾಳಿ ಸೋಕಿದ್ದೂ ಅಲ್ಲ. ವೈದ್ಯರು ಔಷಧದಿಂದ ಗುಣಪಡಿಸಬಲ್ಲ ವ್ಯಾಧಿ. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕುವುದಾಗಲಿ, ನಾಲ್ಕು ಜನರೆದುರು ಜರೆಯುವುದಾಗಲಿ ಸಲ್ಲದು. ಮಾನಕ್ಕೆ ಅಂಜಿ ಮುಚ್ಚಿಡುವುದಂತೂ ಸರ್ವಥಾ ಸಲ್ಲದು.

ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ೧೯೭೫ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಅವರು ಬೇಡಿದ್ದು ದವಸವನ್ನಲ್ಲ, ಧನವನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ ೧ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಇಲ್ಲಿ ನಾವು ಮನಗಾಣಬೇಕಾದ ಮರ್ಮವೊಂದಿದೆ. ಪೂಜ್ಯರು ವ್ಯಸನಿಯ ಮುಂದೆ ನ್ಯಾಯಾಧೀಶರಾಗಿ ನಿಲ್ಲಲಿಲ್ಲ, ಭಿಕ್ಷುಕರಾಗಿ ನಿಂತರು. ಬೈದರೆ ಬಾಗದ ಮನಸ್ಸು ಬೇಡಿದರೆ ಕರಗುತ್ತದೆ.

ಆದಕಾರಣ ತಾಯಂದಿರೇ, ಬಂಧುಗಳೇ, ಸಂಕಲ್ಪವನ್ನು ಜೋಳಿಗೆಗೆ ಹಾಕಿಸಿರಿ. ದೇಹವನ್ನು ವೈದ್ಯರಿಗೆ ಒಪ್ಪಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿಯೂ ಇದಕ್ಕೆ ಚಿಕಿತ್ಸೆಯುಂಟು. ೨೦೨೨ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ೧೪೪೧೬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ, ಉಚಿತವಾಗಿ, ಸಲಹೆ ದೊರೆಯುತ್ತದೆ. ಬಿಟ್ಟವನು ಮತ್ತೆ ಎಡವಿದರೂ ಕೈಬಿಡಬೇಡಿರಿ; ಎಡವಿದವನಿಗಲ್ಲವೇ ಕೈ ಬೇಕಾಗುವುದು?