ನಾನು ಬರೆದದ್ದು 4, 7, 11. ಮೊಬೈಲ್ ತೋರಿಸಿದ್ದು 4, 5, 6

ಕಳೆದ ವರ್ಷ ಮೇ ಕೊನೆಯ ವಾರ. ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದಲ್ಲಿ ಒಂದು ಸುತ್ತು ಹಾಕಿ, ಯಾವ ಸಾಲಿನಲ್ಲಿ ಮೆಣಸಿನ ಬಳ್ಳಿ ಮಂಕಾಗಿದೆ ಅಂತ ಮೊಬೈಲಿನ ನೋಟ್ಸ್ ಆ್ಯಪಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮೊಬೈಲ್. ಮೊದಲು ಸಾಲಿನ ಸಂಖ್ಯೆ, ಒಂದು ಚುಕ್ಕಿ, ಆಮೇಲೆ ಕಂಡದ್ದು. 4. ಎರಡು ಬಳ್ಳಿ ಹಳದಿ. 7. ಬುಡದಲ್ಲಿ ನೀರು ನಿಲ್ಲುತ್ತೆ, ಬಸಿಗಾಲುವೆ ಬಿಡಿಸಬೇಕು. 11. ಮೂರು ಬಳ್ಳಿ, ಕೆಳಗಿನ ಎಲೆಯಲ್ಲಿ ಕಪ್ಪು ಕಲೆ. ಒಂದರ ಕೆಳಗೊಂದು ಬರೆದು, ಸೇವ್ ಒತ್ತಿ, ಜೇಬಿಗೆ ಹಾಕಿದೆ.

ಮರುದಿನ ಮದುವೆಗೆಂದು ಎರಡು ದಿನ ಊರು ಬಿಡಬೇಕಿತ್ತು. ಆ ನೋಟಿನ ಸ್ಕ್ರೀನ್‌ಶಾಟ್ ತೆಗೆದು, ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗನಿಗೆ ಕಳಿಸಿ, "ಈ ಸಾಲುಗಳ ಬುಡಕ್ಕೆ ಬೋರ್ಡೋ ಹೊಯ್ದು, ಕಾಲುವೆ ಬಿಡಿಸಿಬಿಡು" ಅಂದೆ. ಶೇಕಡಾ ಒಂದರ ಬೋರ್ಡೋ, ಅಂದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅವನಿಗೆ ಬಾಯಿಪಾಠ. ಕೆಲಸ ಚೊಕ್ಕಟವಾಗಿಯೇ ಮಾಡಿದ್ದ. ಮಾಡಿದ್ದು ಮಾತ್ರ 4, 5, 6ನೇ ಸಾಲಿಗೆ.

ಯಾಕೆ ಅಂದರೆ ಸ್ಕ್ರೀನ್‌ಶಾಟಿನಲ್ಲಿ ಇದ್ದದ್ದೇ 4, 5, 6. ಸಾಲಿನ ಆರಂಭದಲ್ಲಿ ಅಂಕಿ, ಚುಕ್ಕಿ, ಖಾಲಿ ಜಾಗ ಕಂಡರೆ ಆ ಆ್ಯಪ್ ಅದನ್ನು ಪಟ್ಟಿ ಅಂತ ತಿಳಿಯುತ್ತದೆ. ಮೊದಲ ಅಂಕಿಯನ್ನು ಒಪ್ಪಿಕೊಂಡು, ಮುಂದಿನದ್ದನ್ನೆಲ್ಲ ತಾನೇ ಕ್ರಮವಾಗಿ ಎಣಿಸುತ್ತದೆ. ಬರೆಯುವಾಗ 7 ಅಂತಲೇ ಕಾಣುತ್ತದೆ. ಸೇವ್ ಮಾಡಿದ ಮೇಲೆ ತೋರಿಸುವ 'ಅಂದ'ದ ಪುಟದಲ್ಲಿ ಅದು 5. ನಾನು ಆ ಪುಟವನ್ನು ನೋಡಿದ್ದೆ, ಕಳಿಸಿದ್ದೂ ಅದನ್ನೇ. ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿ ನೀಟಾಗಿ ಇತ್ತಲ್ಲ, ಅದಕ್ಕೇ ಬಿದ್ದಿರಲಿಲ್ಲ.

ಮಜಾ ಅಂದರೆ ಹುಡುಗನಿಗೆ ಅನುಮಾನ ಬಂದಿತ್ತಂತೆ. "ಐದನೇ ಸಾಲಲ್ಲಿ ನೀರು ನಿಲ್ಲೋದೇ ಇಲ್ವಲ್ಲ ಅಣ್ಣಾ, ಆದ್ರೂ ನೀವು ಬರ್ದಿದೀರಿ ಅಂತ ಕಾಲುವೆ ಕೆರೆದೆ" ಅಂತ ಜುಲೈನಲ್ಲಿ ಹೇಳಿದ. ಅಷ್ಟರಲ್ಲಿ 11ನೇ ಸಾಲಿನಲ್ಲಿ ಒಂಬತ್ತು ಬಳ್ಳಿ ಎಲೆ ಉದುರಿಸಿ ನಿಂತಿದ್ದವು, 7ರಲ್ಲಿ ಐದು.

ಸೊರಗು ರೋಗದ ವಿಷಯ ಇಲ್ಲಿನ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಫೈಟಾಫ್ತೊರಾ ಮಳೆ ನೀರಿನ ಜತೆ ಮಣ್ಣಲ್ಲಿ ಹರಿಯುತ್ತದೆ, ಬುಡದಲ್ಲಿ ನೀರು ನಿಂತರೆ ಅದಕ್ಕೆ ಹಬ್ಬ. ಬೋರ್ಡೋ ಹೊಯ್ದಿದ್ದರೆ ಹದಿನಾಲ್ಕೂ ಬಳ್ಳಿ ಉಳಿಯುತ್ತಿದ್ದವು ಅಂತ ನಾನು ಪ್ರಮಾಣ ಮಾಡಲಾರೆ. ಆದರೆ 7ನೇ ಸಾಲಿನ ಬಸಿಗಾಲುವೆ ಮಳೆಗೆ ಮುಂಚೆ ಬಿಟ್ಟಿದ್ದರೆ ಅಲ್ಲಿ ಇಷ್ಟು ಹೋಗುತ್ತಿರಲಿಲ್ಲ, ಅದು ಖಂಡಿತ. ಇನ್ನೊಂದು, ಸಾವಯವದಲ್ಲಿ ತಾಮ್ರದ ಬಳಕೆಗೆ ಮಿತಿ ಇದೆ. ಹಾಗಾಗಿ ನಾನು ಬುಡಕ್ಕೆ ಹೊಯ್ಯುವುದನ್ನು ಲಕ್ಷಣ ಕಂಡ ಸಾಲಿಗಷ್ಟೇ ಇಟ್ಟುಕೊಂಡಿದ್ದೇನೆ. (ಅದು ಸರಿಯೋ ತಪ್ಪೋ ಬೇರೆ ಚರ್ಚೆ, ಇನ್ನೊಂದು ವಾರ ಜಗಳ ಆಡೋಣ.) ಹೀಗೆ ಗುರುತು ಹಾಕಿ ಕೆಲಸ ಮಾಡುವವನಿಗೆ ಸಾಲಿನ ಸಂಖ್ಯೆ ತಪ್ಪಿದರೆ ಉಳಿದ ವಿದ್ಯೆಯೆಲ್ಲ ವ್ಯರ್ಥ.

ಇದನ್ನು ಹೇಳಿದಾಗ ಸ್ನೇಹಿತರಿಂದ ಎರಡು ಉತ್ತರ ಬಂತು. ಒಂದು, "ಕಳಿಸೋ ಮುಂಚೆ ಒಂದ್ಸಲ ಓದ್ಬೇಕಪ್ಪಾ." ಇನ್ನೊಂದು, "ಅದಕ್ಕೇ ಹೇಳೋದು, ಪುಸ್ತಕದಲ್ಲಿ ಬರಿ." ಎರಡನ್ನೂ ನಾನು ಒಪ್ಪುವುದಿಲ್ಲ.

ಓದಿ ನೋಡುವುದು ಒಳ್ಳೆಯದೇ. ಆದರೆ ನಾವು ಹುಡುಕುವುದು ನಮ್ಮ ತಪ್ಪನ್ನು. ಅಕ್ಷರ ಬಿಟ್ಟಿದೆಯಾ, ಸಾಲು ಬಿಟ್ಟಿದೆಯಾ ಅಂತ. ನಾನು ಸರಿಯಾಗಿ ಬರೆದದ್ದನ್ನು ಇನ್ನೊಬ್ಬರು ತಿದ್ದಿರಬಹುದು ಅಂತ ಯಾರಾದರೂ ಯೋಚನೆ ಮಾಡುತ್ತಾರಾ? ಇನ್ನು ಪುಸ್ತಕ. ಮಳೆಗಾಲದಲ್ಲಿ ತೋಟದಲ್ಲಿ ಪುಸ್ತಕ ಹಿಡಿದು ಬರೆದು ನೋಡಿ, ಆಮೇಲೆ ಮಾತಾಡೋಣ. ಪಿಜಿಎಸ್ ಗುಂಪಿನಲ್ಲಿರಲಿ, ಎನ್‌ಪಿಒಪಿ ಪ್ರಮಾಣಪತ್ರ ಇರಲಿ, ಏನು ಹಾಕಿದ್ದೀರಿ, ಎಲ್ಲಿ, ಯಾವತ್ತು ಅಂತ ದಾಖಲೆ ಇಡಲೇಬೇಕು. ಮೊಬೈಲಿನಲ್ಲಿ ದಿನಾಂಕ ಸಮೇತ ಬರೆದು, ಫೋಟೊ ಸೇರಿಸಿ, ಬೇಕಾದಾಗ ಹುಡುಕಿ ತೆಗೆಯುವ ಅನುಕೂಲವನ್ನು ನಾನಂತೂ ಬಿಡುವುದಿಲ್ಲ.

ನನ್ನ ತಕರಾರು ಆ್ಯಪಿನ ಊಹೆಯ ಮೇಲೆ. ಬರೆಯುವವನು ಸಂತೆ ಸಾಮಾನಿನ ಪಟ್ಟಿಯನ್ನೋ ಆಫೀಸಿನ ವರದಿಯನ್ನೋ ಬರೆಯುತ್ತಿದ್ದಾನೆ, ಅವನಿಗೆ ಅಂದ ಬೇಕು ಅಂತ ಅದು ಅಂದುಕೊಂಡಿದೆ. ನಮ್ಮ ಬರಹ ಹಾಗಲ್ಲ. ಅದರಲ್ಲಿ ಅಂಕಿಯೇ ವಿಷಯ. ಸಾಲಿನ ಸಂಖ್ಯೆ, ಮಡಿಯ ಸಂಖ್ಯೆ, ಸರ್ವೆ ನಂಬರ್, ಅಳತೆ, ಪ್ರಮಾಣ. ಇವು ಕ್ರಮವಾಗಿ ಇರುವುದಿಲ್ಲ, ನೋಡಲು ಚಂದವಾಗಿಯೂ ಇರುವುದಿಲ್ಲ. ಆದ್ದರಿಂದ ತೋಟದ ದಾಖಲೆ ಇಡುವ ಯಾವ ಆ್ಯಪಿನಲ್ಲೂ ಈ ತಾನೇತಾನಾಗಿ ಮಾಡುವ ಕೆಲಸಗಳನ್ನೆಲ್ಲ ಮೊದಲ ದಿನವೇ ಆಫ್ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇಕಾದ್ದನ್ನು ಆಮೇಲೆ ಒಂದೊಂದಾಗಿ ಆನ್ ಮಾಡಿಕೊಳ್ಳಿ.

ಪಟ್ಟಿಯ ಕಾಟಕ್ಕಿಂತ ದೊಡ್ಡದು ಲೆಕ್ಕದ ಹಾಳೆಯ ಕಾಟ. ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ನಿಮ್ಮ ಪಹಣಿಯ ಸರ್ವೆ ನಂಬರ್ 12/3 ಅಂತ ಹೊಡೆಯಿರಿ, ಅದು ತಾರೀಕು ಆಗಿಬಿಡುತ್ತದೆ. 'ಒಂದು ಕ್ಯಾನಿಗೆ 5-6 ಮಿಲಿ' ಅನ್ನುವ ಅರ್ಥದಲ್ಲಿ 5-6 ಅಂತ ಹಾಕಿದರೂ ಅಷ್ಟೇ. ರಾಸಾಯನಿಕ ಬಳಸುವವರು 19:19:19 ಅಂತ ಬರೆದರೆ ಅದು ಗೊಬ್ಬರವಲ್ಲ, ರಾತ್ರಿ ಏಳು ಗಂಟೆ ಹತ್ತೊಂಬತ್ತು ನಿಮಿಷ ಹತ್ತೊಂಬತ್ತು ಸೆಕೆಂಡು! 10:26:26 ಬೆಳಗಿನ ಹೊತ್ತು. ಕಣ್ಣಿಗೆ ಮೊದಲಿನ ಹಾಗೇ ಕಂಡರೂ ಒಳಗೆ ಅದು ಬೇರೆಯೇ. ಆಮೇಲೆ ತಿದ್ದೋಣ ಅಂತ ಎಕ್ಸೆಲ್‌ನಲ್ಲಿ ಆ ತಾರೀಕನ್ನು ಟೆಕ್ಸ್ಟ್ ಮಾಡಿದರೆ 12/3 ವಾಪಸ್ ಬರುವುದಿಲ್ಲ. ನಲವತ್ತೈದು ನಲವತ್ತಾರು ಸಾವಿರದ ಚಿಲ್ಲರೆ ಯಾವುದೋ ಐದಂಕಿ ಬರುತ್ತದೆ. 1900ನೇ ಇಸವಿಯಿಂದ ಎಣಿಸಿದ ದಿನಗಳ ಲೆಕ್ಕ ಅದು.

ನಮ್ಮಂಥ ರೈತರಿಗಷ್ಟೇ ಈ ಪಾಡು ಅಂದುಕೊಳ್ಳಬೇಡಿ. ಜೀನ್‌ಗಳ ಮೇಲೆ ಕೆಲಸ ಮಾಡುವ ವಿಜ್ಞಾನಿಗಳೂ ಇದರಲ್ಲಿ ಬಿದ್ದವರೇ. ಮಾರ್ಚ್1, ಸೆಪ್ಟ್2 ಅನ್ನುವಂಥ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಕು ಮಾಡಿಬಿಡುತ್ತಿತ್ತು. 2016ರಲ್ಲಿ 'ಜೀನೋಮ್ ಬಯಾಲಜಿ' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪು ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಮಾರ್ಚ್1 ಹೋಗಿ ಮಾರ್ಚ್‌ಎಫ್1 ಆಯಿತು. 2023ರಲ್ಲಿ ಎಕ್ಸೆಲ್‌ನಲ್ಲಿ ಇದನ್ನು ನಿಲ್ಲಿಸುವ ಗುಂಡಿ ಬಂತು: ಫೈಲ್, ಆಪ್ಷನ್ಸ್, ಡೇಟಾ, ಅಲ್ಲಿ ಆಟೋಮ್ಯಾಟಿಕ್ ಡೇಟಾ ಕನ್ವರ್ಷನ್. ಆದರೆ ತಾರೀಕಿನ ಮಟ್ಟಿಗೆ ಅದು ಅಕ್ಷರ ಮತ್ತು ಅಂಕಿ ಅಂಟಿಕೊಂಡಿರುವ ಹೆಸರಿಗೆ ಮಾತ್ರ. ನಮ್ಮ 12/3ಕ್ಕೆ ಪ್ರಯೋಜನವಿಲ್ಲ. ನಾವು ಮಾಡಬೇಕಾದ್ದು ಬರೆಯುವ ಮುಂಚೆಯೇ ಆ ಕಾಲಂ ಪೂರ್ತಿ ಆರಿಸಿ ಟೆಕ್ಸ್ಟ್ ಮಾಡಿಡುವುದು. ಶೀಟ್ಸ್‌ನಲ್ಲಿ ಫಾರ್ಮ್ಯಾಟ್, ನಂಬರ್, ಪ್ಲೇನ್ ಟೆಕ್ಸ್ಟ್. ಒಂದೆರಡು ಅಂಕಿಗಷ್ಟೇ ಬೇಕಾದರೆ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ( ' ) ಹಾಕಿ ಬರೆದರೆ ಸಾಕು.

ನೋಟ್ಸ್‌ಗೆ ವಾಪಸ್ ಬರೋಣ. ಗೂಗಲ್ ಡಾಕ್ಸ್ ಬಳಸುವವರು ಕಂಪ್ಯೂಟರಿನಲ್ಲಿ ಟೂಲ್ಸ್ ಒಳಗಿನ ಪ್ರಿಫರೆನ್ಸಸ್ ತೆರೆದು 'ಆಟೋಮ್ಯಾಟಿಕಲಿ ಡಿಟೆಕ್ಟ್ ಲಿಸ್ಟ್ಸ್' ಅನ್ನುವುದರ ಗುರುತು ತೆಗೆಯಿರಿ. ಪಕ್ಕದ ಸಬ್‌ಸ್ಟಿಟ್ಯೂಷನ್ಸ್ ಪುಟದಲ್ಲಿ 1/2 ಅನ್ನುವುದನ್ನು ಪುಟಾಣಿ ಅರ್ಧದ ಚಿಹ್ನೆ ಮಾಡುವ ಏರ್ಪಾಡಿದೆ, ಅದನ್ನೂ ತೆಗೆಯಿರಿ. ಬಿಸಿಲಲ್ಲಿ ಆ ಚಿಹ್ನೆ ಅರ್ಧವೋ ಕಾಲೋ ಅಂತ ಯಾರಿಗೂ ಕಾಣುವುದಿಲ್ಲ. ವರ್ಡ್‌ನಲ್ಲಿ ಇವೆಲ್ಲ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್ ಒಳಗೆ 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಪುಟದಲ್ಲಿವೆ. ಗೂಗಲ್ ಕೀಪ್‌ನಲ್ಲಿ ಗುರುತು ಹಾಕಿದ ಸಾಲು ಕೆಳಗೆ ಇಳಿದುಬಿಡುತ್ತದೆ. ಮಡಿಗಳ ಕ್ರಮದಲ್ಲಿ ಪಟ್ಟಿ ಮಾಡಿದವರಿಗೆ ಇದು ತಲೆನೋವು. ಸೆಟ್ಟಿಂಗ್ಸ್‌ನಲ್ಲಿ 'ಮೂವ್ ಚೆಕ್ಡ್ ಐಟಮ್ಸ್ ಟು ಬಾಟಮ್' ಆಫ್ ಮಾಡಿದರೆ ಮುಗಿಯಿತು. ನನಗೆ ಕೈಕೊಟ್ಟ ಆ್ಯಪಿನಲ್ಲಿ ಮಾರ್ಕ್‌ಡೌನ್ ಅನ್ನುವ ಒಂದು ಗುಂಡಿ ಇತ್ತು. ಒತ್ತಿದೆ, 4, 7, 11 ಹಾಗೇ ಕಂಡಿತು. ಹದಿನಾಲ್ಕು ಬಳ್ಳಿ ಹೋದ ಮೇಲೆ.

ಗುಂಡಿಯೇ ಸಿಗದ ಆ್ಯಪ್ ಆದರೆ ಉಪಾಯ ಸುಲಭ. ಸಾಲನ್ನು ಅಂಕಿಯಿಂದ ಶುರು ಮಾಡಬೇಡಿ. ಮುಂದೆ ಒಂದು ಅಕ್ಷರ ಇದ್ದರೆ ಅದು ಪಟ್ಟಿ ಆಗುವುದಿಲ್ಲ. ನಾನೀಗ 'ಸಾ 7', 'ಸಾ 11' ಅಂತ ಬರೆಯುತ್ತೇನೆ. ತಾನಾಗಿ ಏನಾದರೂ ಬದಲಾದದ್ದು ಕಂಪ್ಯೂಟರಿನಲ್ಲಿ ಕಣ್ಣಿಗೆ ಬಿದ್ದರೆ ತಕ್ಷಣ ಕಂಟ್ರೋಲ್ ಮತ್ತು ಝಡ್ ಒತ್ತಿ. ವರ್ಡ್, ಡಾಕ್ಸ್ ಎರಡರಲ್ಲೂ ಬದಲಾವಣೆ ಮಾತ್ರ ಹೋಗಿ ನೀವು ಬರೆದದ್ದು ಉಳಿಯುತ್ತದೆ.

ಕೀಬೋರ್ಡಿನದ್ದೂ ಒಂದು ಮಾತು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರು ನಮ್ಮಲ್ಲಿ ಬಹಳ. ಅದರಲ್ಲಿ 'ಳ' ಮತ್ತು 'ಲ'ದ ನಡುವೆ ಕೀಬೋರ್ಡೇ ಒಂದನ್ನು ಆರಿಸಿಬಿಡುತ್ತದೆ. ಬೆಳೆ ಬೆಲೆ ಆದರೆ ನಗಬಹುದು. 'ಎಲೆಗಳ ಮಧ್ಯೆ ಕಳೆ' ಅನ್ನುವುದು 'ಎಲೆಗಳ ಮಧ್ಯೆ ಕಲೆ' ಆದರೆ ಒಬ್ಬ ಕುಡುಗೋಲು ಹಿಡಿಯುವ ಬದಲು ಸ್ಪ್ರೇ ಕ್ಯಾನ್ ಹಿಡಿಯುತ್ತಾನೆ. ನಾನು ಅದನ್ನು ಬಿಟ್ಟು ಕನ್ನಡ ಅಕ್ಷರಗಳೇ ಇರುವ ಕೀಬೋರ್ಡ್ ಹಾಕಿಕೊಂಡೆ. ಮೊದಲ ಹದಿನೈದು ದಿನ ಕಷ್ಟ, ನಿಜ.

ತರಬೇತಿ ಕೊಡುವವರ ಮೇಲೂ ನನಗೆ ಸ್ವಲ್ಪ ಬೇಸರ ಇದೆ. ನಾನು ಹೋದ ಶಿಬಿರಗಳಲ್ಲೆಲ್ಲ ಆ್ಯಪ್ ಇಳಿಸಿಕೊಳ್ಳುವುದು, ಲಾಗಿನ್ ಆಗುವುದು, ಫೋಟೊ ಏರಿಸುವುದು ಹೇಳಿಕೊಟ್ಟರು. ಸೆಟ್ಟಿಂಗ್ಸ್ ತೆರೆದು ತೋರಿಸಿದವರು ಒಬ್ಬರೂ ಇಲ್ಲ. ಸ್ಪ್ರೇಯರ್ ಕೊಡುವಾಗ ನಾಜಲ್ ಬದಲಿಸುವುದು ಹೇಳದೆ ಕೊಡುತ್ತೇವಾ? ರೈತರಿಗೆ ಅದೆಲ್ಲ ಅರ್ಥ ಆಗಲ್ಲ ಅನ್ನುವ ಮಾತನ್ನು ಕೇಳಿದ್ದೇನೆ. ನನ್ನ ಕೈಗೆ ತೋಟಗಾರಿಕೆ ಪದವಿ ಇತ್ತು, ನನಗೂ ಅರ್ಥ ಆಗಿರಲಿಲ್ಲ. ಹುಡುಗನಿಗೆ ತೋರಿಸಿದಾಗ ಐದು ನಿಮಿಷದಲ್ಲಿ ಕಲಿತ.

ಈ ಸಲದ ಮಳೆಗೆ ಮುಂಚೆ ನಿಮ್ಮ ಹಳೆಯ ನೋಟುಗಳನ್ನು ಒಮ್ಮೆ ತೆರೆದು ನೋಡಿ. ಸಾಲುಗಳು 1, 2, 3, 4 ಅಂತ ಒಂದೂ ತಪ್ಪದೆ ಕ್ರಮವಾಗಿ ಇದ್ದರೆ ಅನುಮಾನ ಪಡಿ, ರೋಗ ಅಷ್ಟು ಶಿಸ್ತಾಗಿ ಬರುವುದಿಲ್ಲ. ಎಡಿಟ್ ಒತ್ತಿದರೆ ಮೂಲ ಅಂಕಿ ಇನ್ನೂ ಇರಬಹುದು, ನನ್ನದು ಇತ್ತು. ಅದನ್ನು ನೋಡಿಕೊಂಡೇ ಈಗ 7ನೇ ಸಾಲಿನ ಕಾಲುವೆ ಬಿಡಿಸಿದ್ದೇವೆ. 11ರಲ್ಲಿ ಬುಡಕ್ಕೆ ಬೇವಿನ ಹಿಂಡಿ ಜತೆ ಟ್ರೈಕೋಡರ್ಮಾ ಹಾಕಿದ್ದೇವೆ. ತಾಮ್ರ ಅದನ್ನು ಕೊಲ್ಲುವುದರಿಂದ ಬುಡಕ್ಕೆ ಬೋರ್ಡೋ ಹೊಯ್ಯುತ್ತಿಲ್ಲ. ಹೊಸ ಬಳ್ಳಿ ಜೂನ್‌ನಲ್ಲಿ ನೆಡಬೇಕು. ಹುಡುಗ ಮಾತ್ರ ಈಗ ನಾನು ಕಳಿಸಿದ್ದನ್ನು ನಂಬುವುದಿಲ್ಲ. ಪ್ರತಿ ಸಲ ಫೋನ್ ಮಾಡಿ, "ಅಣ್ಣಾ, ಹನ್ನೊಂದು ಅಂದ್ರೆ ಹನ್ನೊಂದೇ ತಾನೆ?" ಅಂತ ಕೇಳುತ್ತಾನೆ.